ಅಜ್ಜಿ ಕೂರದ ಸೋಫಾ

ಹೋದ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ನಮ್ಮ ಠಾಣೆಯ ಫ್ಲ್ಯಾಟಿನಿಂದ ಸೋಫಾ ಹೊರಗೆ ಹೋಯಿತು. ಕೊಂಡು ನಾಲ್ಕು ವರ್ಷವೂ ತುಂಬಿರಲಿಲ್ಲ. ಅಂಗಡಿಯಲ್ಲಿ ಚರ್ಮದಂತೆ ಹೊಳೆಯುತ್ತಿದ್ದ ಅದರ ಮೈ ಮೂರನೆಯ ಮಳೆಗಾಲಕ್ಕೆ ಬಿರಿಯಿತು, ನಾಲ್ಕನೆಯದಕ್ಕೆ ಸುಲಿಯತೊಡಗಿತು. ಕೂತು ಎದ್ದವರ ಬಟ್ಟೆಗೆಲ್ಲ ಕಂದು ಹೊಟ್ಟು. ಭಂಗಾರದವನು ಬಂದು ನೋಡಿ, ಇದನ್ನು ಒಯ್ಯಬೇಕಾದರೆ ನೀವೇ ನನಗೆ ಇನ್ನೂರು ರೂಪಾಯಿ ಕೊಡಬೇಕು ಅಂದ. ಕೊಟ್ಟೆ.

ಧಾರವಾಡದಿಂದ ಫೋನಿನಲ್ಲಿ ಇದನ್ನು ಕೇಳಿದ ಅಮ್ಮ ನಕ್ಕಳು. "ನಿಮ್ಮ ಅಜ್ಜಿ ಸೋಫಾ ಇನ್ನೂ ಹಂಗ ಅದ ನೋಡು" ಅಂದಳು.

ಅದನ್ನು ಅಜ್ಜಿಯ ಸೋಫಾ ಎಂದು ನಮ್ಮ ಮನೆಯಲ್ಲಿ ಕರೆಯುವುದೇ ಒಂದು ಸೋಜಿಗ. ನಾನು ಹುಟ್ಟುವ ಮೊದಲೇ ಪಡಸಾಲೆಗೆ ಬಂದ ಸಾಗುವಾನಿಯ ಸೋಫಾ ಸೆಟ್ ಅದು. ಮೂರು ಜನ ಕೂರುವುದೊಂದು, ಒಬ್ಬೊಬ್ಬರು ಕೂರುವವು ಎರಡು. ಬೆನ್ನಿಗೆ, ತೋಳಿಗೆ ಹಾಕಿದ ಬಿಳಿ ಕ್ರೋಶಾ ಹೊದಿಕೆಗಳನ್ನು ಹೆಣೆದವಳು ಅಜ್ಜಿ. ಪಂಚಮಿಗೆ, ದೀಪಾವಳಿಗೆ ಅವನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಮತ್ತೆ ಹೊದಿಸುವವಳೂ ಅವಳೇ. ಕೂರುತ್ತಿದ್ದುದು ಮಾತ್ರ ಅದರ ಪಕ್ಕದಲ್ಲಿ, ನವಲಗುಂದದ ಜಮಖಾನದ ಮೇಲೆ, ಗೋಡೆಗೆ ಬೆನ್ನು ಕೊಟ್ಟು. "ಅಜ್ಜಿ, ಮ್ಯಾಲೆ ಕೂಡ್ರಿ" ಅಂದರೆ "ಬ್ಯಾಡವ್ವಾ, ನನಗ ಇಲ್ಲೇ ಛೊಲೊ ಅದ" ಅನ್ನುವಳು. ಅದು ವಿನಯವೋ, ರೂಢಿಯೋ, ನಿಜವಾಗಿ ಅವಳಿಗೆ ನೆಲವೇ ಹಿತವಾಗಿತ್ತೋ ಎಂದು ಆಗ ನಾನು ಯೋಚಿಸಲಿಲ್ಲ. ಹೊಸ ಸೋಫಾ ಹುಡುಕುತ್ತ ಸೋಫಾದ ಚರಿತ್ರೆಯನ್ನೂ ಓದತೊಡಗಿದಾಗ ಆ ಪ್ರಶ್ನೆ ಮತ್ತೆ ಮತ್ತೆ ಎದುರಾಯಿತು.

ಸೋಫಾ ಎಂಬ ಪದದ ಬೇರು ಅರಬ್ಬಿಯ 'ಸುಫ್ಫಾ'. ಅರ್ಥ, ಕೂರಲು ಎತ್ತರಿಸಿ ಕಟ್ಟಿದ ಜಾಗ. ಅಂದರೆ ನಮ್ಮ ಜಗಲಿ, ನಮ್ಮ ಕಡೆಯ ಮಾತಿನಲ್ಲಿ ಕಟ್ಟೆ! ಮದೀನಾದ ಮಸೀದಿಯಲ್ಲಿ ನೆರಳಿದ್ದ ಒಂದು ಜಾಗಕ್ಕೆ ಸುಫ್ಫಾ ಎಂದೇ ಹೆಸರು. ಮನೆಮಠವಿಲ್ಲದ ಬಡವರು ಅಲ್ಲಿ ತಂಗುತ್ತಿದ್ದರು. ತುರ್ಕಿಯ ಮನೆಗಳಲ್ಲಿ ಆ ಕಟ್ಟೆಗೆ ಜಮಖಾನ, ದಿಂಬು ಬಂದವು. ಯುರೋಪಿಗೆ ಹೋದ ಮೇಲೆ ಅದಕ್ಕೆ ಕಾಲು, ಬೆನ್ನು, ತೋಳು ಮೂಡಿದವು. 'ದಿವಾನ'ದ ಪ್ರಯಾಣವೂ ಇಂಥದ್ದೇ. ಪಾರ್ಸಿಯಲ್ಲಿ ಅದು ಮೊದಲು ಲೆಕ್ಕದ ದಫ್ತರ, ಆಮೇಲೆ ಆಡಳಿತದ ಸಭೆ, ಕೊನೆಗೆ ಆ ಸಭೆಯಲ್ಲಿ ಗೋಡೆಗುಂಟ ಹಾಸಿದ ಮೆತ್ತನೆಯ ಆಸನ. ಮೈಸೂರಿನಲ್ಲಿ ದಿವಾನರೆಂದರೆ ವಿಶ್ವೇಶ್ವರಯ್ಯ, ಮಿರ್ಜಾ ಇಸ್ಮಾಯಿಲ್. ಮುಂಬೈ ಕಡೆಯ ಮನೆಗಳಲ್ಲಿ ದಿವಾನ ಎಂದರೆ ಹೊಟ್ಟೆಯೊಳಗೆ ರಜಾಯಿ ತುಂಬಿಕೊಂಡ ಮಂಚ.

ಆಸನ ಯಾವತ್ತೂ ಬರಿಯ ಮರ, ಹತ್ತಿ ಆಗಿರಲಿಲ್ಲ. ಫ್ರಾನ್ಸಿನಲ್ಲಿ ಹದಿನಾಲ್ಕನೆಯ ಲೂಯಿಯ ಆಸ್ಥಾನದಲ್ಲಿ ರಾಜ, ರಾಣಿಯರ ಎದುರು ಡಚೆಸ್‌ಗಳಿಗೆ ಒಂದು ಪುಟ್ಟ ಸ್ಟೂಲಿನ ಮೇಲೆ ಕೂರುವ ಹಕ್ಕಿತ್ತು, ಅವರಿಗಿಂತ ಕೆಳಗಿನ ಹೆಂಗಸರು ನಿಂತೇ ಇರಬೇಕಿತ್ತು. ಬೆನ್ನಿಲ್ಲದ, ತೋಳಿಲ್ಲದ ಆ ಸ್ಟೂಲಿಗಾಗಿ ಅಲ್ಲಿ ನಡೆದ ಜಗಳ, ಮುನಿಸು ಅಷ್ಟಿಷ್ಟಲ್ಲ. ನಗುವ ಮುಂಚೆ ನಮ್ಮ ಮಾತುಗಳನ್ನೇ ನೋಡಬೇಕು. ಅಧಿಕಾರ ಸಿಕ್ಕರೆ 'ಗದ್ದುಗೆ ಏರಿದ' ಅನ್ನುತ್ತೇವೆ, ಮರ್ಯಾದೆ ಕೊಟ್ಟರೆ 'ಮಣೆ ಹಾಕಿದರು' ಅನ್ನುತ್ತೇವೆ. ಹೆಣ್ಣುಮಗಳಿಗೆ ಎಲ್ಲರೆದುರು ಮಣೆ ಸಿಕ್ಕುತ್ತಿದ್ದುದು ಹೆಚ್ಚಾಗಿ ಹಸೆಗೆ ಕೂರುವ ದಿನ. ಮರುದಿನದಿಂದ ಮಣೆ ಹಾಕುವುದು ಅವಳ ಕೆಲಸ.

ಸೋಫಾದ ಕಥೆಯಲ್ಲಿ ಹೆಂಗಸರು ಬಾಯಿಬಿಟ್ಟು ಮಾತಾಡಿದ ಒಂದು ಪ್ರಸಂಗ ನನಗೆ ಬಹಳ ಹಿಡಿಸಿತು. ಇಂಗ್ಲಿಷ್ ಕವಿ ವಿಲಿಯಂ ಕೂಪರ್‌ಗೆ ಗೆಳತಿ ಲೇಡಿ ಆಸ್ಟೆನ್ ಪ್ರಾಸವಿಲ್ಲದ ಛಂದಸ್ಸಿನಲ್ಲಿ ಏನಾದರೂ ಬರೆಯಿರಿ ಎಂದು ದುಂಬಾಲು ಬಿದ್ದಳಂತೆ. ವಿಷಯ ಕೊಡು ಎಂದ. ಈ ಸೋಫಾ ಇದೆಯಲ್ಲ, ಇದರ ಮೇಲೇ ಬರೆಯಿರಿ ಎಂದಳು. ಅಲ್ಲಿಂದ ಹುಟ್ಟಿದ್ದು 1785ರಲ್ಲಿ ಅಚ್ಚಾದ, ಆರು ಭಾಗಗಳ 'ದಿ ಟಾಸ್ಕ್'. ಮೊದಲ ಭಾಗದ ಹೆಸರೇ 'ಸೋಫಾ'. ಅದರಲ್ಲಿ ಕವಿ ಮೂರು ಕಾಲಿನ ಸ್ಟೂಲಿನಿಂದ ಶುರುಮಾಡಿ ಆಸನಗಳ ಚರಿತ್ರೆ ಹೇಳುತ್ತಾನೆ. ಇಕ್ಕಟ್ಟಾದ ತೋಳುಕುರ್ಚಿಗಳ ಬಗ್ಗೆ ಮೊದಲು ಗೊಣಗಿದವರು ಹೆಂಗಸರು, ಅದನ್ನು ಕೇಳಿಯೇ ಇಬ್ಬರು ಕೂರುವ ಮೆತ್ತನೆಯ ಆಸನ ಬಂತು ಎನ್ನುತ್ತಾನೆ. ಕೂಪರ್ ಹೇಳಿದ್ದು ತಮಾಷೆಗೆ. ನಾನು ಓದಿದ್ದು ಹಾಗಲ್ಲ.

ನಮ್ಮ ದೇಶದ ಪಾಲೂ ಇದರಲ್ಲಿ ಸಣ್ಣದಲ್ಲ. ಗುಜರಾತ್ ಮತ್ತು ಕೋರಮಂಡಲ ಕರಾವಳಿಯ ಹೂವಿನ ಅಚ್ಚಿನ ಹತ್ತಿಬಟ್ಟೆ, ನಾವು ಚೀಟಿ ಬಟ್ಟೆ ಎನ್ನುವುದು, ಇಂಗ್ಲೆಂಡಿನಲ್ಲಿ ಉಡುಪಿಗೂ ಕುರ್ಚಿಯ ಹೊದಿಕೆಗೂ ಎಷ್ಟು ಹರಡಿತೆಂದರೆ ಅಲ್ಲಿನ ಉಣ್ಣೆ, ರೇಷ್ಮೆ ನೇಕಾರರು ದಂಗೆ ಎದ್ದರು. 1721ರಲ್ಲಿ ಪಾರ್ಲಿಮೆಂಟ್ ಕಾಯ್ದೆ ಮಾಡಿ ಅಚ್ಚಿನ ಹತ್ತಿಬಟ್ಟೆಯನ್ನು ಉಡುವುದನ್ನಷ್ಟೇ ಅಲ್ಲ, ಮನೆಯ ಪೀಠೋಪಕರಣಕ್ಕೆ ಹಾಕುವುದನ್ನೂ ನಿಷೇಧಿಸಿತು. ಅದು ತೆರವಾದದ್ದು 1774ರಲ್ಲಿ. ಮುಂದಿನ ಶತಮಾನದಲ್ಲಿ ಮುಂಬೈಯ ಬಡಗಿಗಳು ಮಲಬಾರ್ ಕಡೆಯ ಬೀಟೆ ಮರದಲ್ಲಿ ಬಳ್ಳಿ, ಹೂವು, ಸಿಂಹದ ಪಾದ ಕೆತ್ತಿ ಯುರೋಪಿಯನ್ನರಿಗೆ, ಪಾರ್ಸಿ ಮನೆತನಗಳಿಗೆ ಸೋಫಾ ಮಾಡಿಕೊಟ್ಟರು. ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಆ ಬಗೆಯ ಹಳೆಯ ಸಾಮಾನು ಇವತ್ತೂ ಕಣ್ಣಿಗೆ ಬೀಳುತ್ತದೆ. ಬೆಲೆ ಕೇಳಿ ಸುಮ್ಮನೆ ಬಂದೆ.

ಇನ್ನು ಅಜ್ಜಿಯ ಕ್ರೋಶಾ ಹೊದಿಕೆ. ಅದಕ್ಕೆ ಇಂಗ್ಲಿಷಿನಲ್ಲಿ 'ಆಂಟಿಮಕಾಸರ್' ಎಂಬ ಹೆಸರಿದೆ ಎಂದು ತಿಳಿದದ್ದು ಈಗಲೇ. ಲಂಡನ್ನಿನ ರೋಲಂಡ್ ಎಂಬ ಕ್ಷೌರಿಕ 'ಮಕಾಸರ್ ಎಣ್ಣೆ' ಎಂಬ ತಲೆಗೆಣ್ಣೆಯನ್ನು ಜನಪ್ರಿಯ ಮಾಡಿದ. ಹೆಸರು ಇಂಡೋನೇಷ್ಯಾದ ಬಂದರಿನದು. ಹತ್ತೊಂಬತ್ತನೆಯ ಶತಮಾನದ ಗಂಡಸರು ಅದನ್ನು ಧಾರಾಳವಾಗಿ ಸವರಿಕೊಂಡು ಕುರ್ಚಿಗೆ ಒರಗಿದಾಗ ಬೀಳುವ ಕಲೆ ತಡೆಯಲು ಮನೆಯ ಹೆಂಗಸರು ಹೆಣೆದು ಹಾಕಿದ್ದೇ ಈ ಹೊದಿಕೆ. ನಮ್ಮ ಪಡಸಾಲೆಯಲ್ಲಿ ಮಕಾಸರ್ ಬದಲು ಕೊಬ್ಬರಿ ಎಣ್ಣೆ. ಉಳಿದದ್ದೆಲ್ಲ ಅದೇ: ಒರಗುವವರು ಒಬ್ಬರು, ಒಗೆಯುವವರು ಇನ್ನೊಬ್ಬರು.

ಸೋಫಾದ ಒಳಗೂ ಬಹಳ ಬದಲಾಗಿದೆ. ಮೊದಲು ಕುದುರೆಯ ಕೂದಲು ತುಂಬುತ್ತಿದ್ದರು. 1820ರ ದಶಕದಲ್ಲಿ ವಿಯೆನ್ನಾ, ಲಂಡನ್‌ಗಳಲ್ಲಿ ಸುರುಳಿ ಸ್ಪ್ರಿಂಗಿನ ಆಸನಕ್ಕೆ ಪೇಟೆಂಟ್ ಸಿಕ್ಕಿತು. 1929ರಲ್ಲಿ ಡನ್ಲಪ್ ಕಂಪನಿಯವರು ರಬ್ಬರ್ ಹಾಲನ್ನು ಕಡೆದು ನೊರೆ ಬರಿಸಿ ಫೋಮ್ ಮಾಡಿದರು. 1937ರಲ್ಲಿ ಜರ್ಮನಿಯಲ್ಲಿ ಓಟ್ಟೊ ಬಾಯರ್ ಪಾಲಿಯುರೆಥೇನ್ ಕಂಡುಹಿಡಿದ. 1950ರ ದಶಕದಿಂದ ಅದರ ಮೆತ್ತನೆಯ ಫೋಮ್ ಜಗತ್ತಿನ ಸೋಫಾಗಳನ್ನೆಲ್ಲ ತುಂಬಿತು. ತೆಂಗಿನ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ ಮಾಡುವ ಹಾಸಿಗೆಯನ್ನು ನಮ್ಮಲ್ಲಿ ಮನೆಮಾತಾಗಿಸಿದ್ದು 1962ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕರ್ಲಾನ್. ಇವೆಲ್ಲಕ್ಕಿಂತ ಮುಂಚೆ ನಮ್ಮ ಉತ್ತರ ಕರ್ನಾಟಕದಲ್ಲಿ ಹತ್ತಿಯ ಗಾದಿ, ಲೋಡು ಇದ್ದವು. ಹತ್ತಿ ಗಂಟು ಕಟ್ಟಿದರೆ ಪಿಂಜಾರರು ಬಂದು ಅಂಗಳದಲ್ಲಿ ಬಿಲ್ಲು ಹಿಡಿದು ಹಿಂಜಿ, ಅದೇ ಗಾದಿಯನ್ನು ಮತ್ತೆ ಉಬ್ಬಿಸಿ ಕೊಡುತ್ತಿದ್ದರು. ಕುಸಿದ ಫೋಮನ್ನು ಹಿಂಜುವವರು ಯಾರೂ ಇಲ್ಲ.

ಹಾಗಾದರೆ ನಮ್ಮ ಸೋಫಾ ಸುಲಿದದ್ದೇಕೆ? ಇದನ್ನು ಹೇಳಲು ನನಗೆ ನಾಚಿಕೆ, ಏಕೆಂದರೆ ಎಂ.ಟೆಕ್.ನಲ್ಲಿ ನಾನು ಓದಿದ್ದು ಪಾಲಿಮರ್. (ಈಗ ಕೋಡ್ ಬರೆಯುತ್ತೇನೆ, ಅದು ಬೇರೆ ಕಥೆ.) ಪಿಯು ಲೆದರೆಟ್ ಎಂದರೆ ಬಟ್ಟೆಯ ಮೇಲೆ ಬಳಿದ ಪಾಲಿಯುರೆಥೇನಿನ ತೆಳು ಪದರ. ಅಗ್ಗದ ಪದರಗಳಲ್ಲಿ ಸಾಮಾನ್ಯವಾಗಿ ಎಸ್ಟರ್ ಬಂಧಗಳಿರುತ್ತವೆ. ಗಾಳಿಯ ತೇವ ಆ ಬಂಧಗಳನ್ನು ಒಂದೊಂದಾಗಿ ಮುರಿಯುತ್ತದೆ. ಮುರಿದಾಗ ಆಮ್ಲ ಹುಟ್ಟುತ್ತದೆ, ಆ ಆಮ್ಲ ಮುಂದಿನ ಬಂಧವನ್ನು ಇನ್ನೂ ಬೇಗ ಮುರಿಯುತ್ತದೆ. ನಾಲ್ಕು ತಿಂಗಳು ಗೋಡೆಯೇ ಬೆವರುವ ಕರಾವಳಿ ಊರಿನಲ್ಲಿ ಅದು ಬಾಳುವುದು ಕಷ್ಟ. ದುಬಾರಿ ಪಾಲಿಶ್, ಕ್ರೀಮು ಸವರಿದರೂ ಇದು ನಿಲ್ಲುವುದಿಲ್ಲ. ಹಳೆಯ ಕಾಲದ ರೆಕ್ಸಿನ್ (ಇದು ಮೊದಲು ಮ್ಯಾಂಚೆಸ್ಟರ್ ಹತ್ತಿರದ ಒಂದು ಕಂಪನಿಯ ಮುದ್ರೆ, ಆಮೇಲೆ ನಮ್ಮಲ್ಲಿ ಆ ಬಗೆಯ ಬಟ್ಟೆಗೆಲ್ಲ ಅದೇ ಹೆಸರಾಯಿತು) ಬೇರೆ ಜಾತಿಯದು. ಪಿವಿಸಿ ರೆಕ್ಸಿನ್ ತೇವಕ್ಕೆ ಹೀಗೆ ಹೊಟ್ಟಾಗುವುದಿಲ್ಲ, ಬದಲಿಗೆ ವರ್ಷಗಳು ಕಳೆದಂತೆ ಬಿರುಸಾಗಿ ಸೀಳುತ್ತದೆ.

ಹೊಸದನ್ನು ಕೊಳ್ಳಲು ಅಂಗಡಿ ಅಂಗಡಿ ಅಲೆಯುವಾಗ ಅಮ್ಮ ಮತ್ತೆ ಫೋನಿನಲ್ಲಿ ಒಂದು ಮಾತು ಹೇಳಿದಳು. ಅದು ನನಗೆ ಗೊತ್ತಿರಲಿಲ್ಲ. ಅಜ್ಜಿ ಒಂದು ಸಲ ಆ ಸೋಫಾ ಮೇಲೆ ಕೂತಿದ್ದಳಂತೆ. ಬಿದ್ದು ಸೊಂಟಕ್ಕೆ ಪೆಟ್ಟಾದಾಗ, ನೆಲಕ್ಕೆ ಕೂರಬೇಡಿ ಎಂದು ಡಾಕ್ಟರು ಹೇಳಿದ್ದರು. ನಾನಾಗ ಹಾಸ್ಟೆಲಿನಲ್ಲಿದ್ದೆ. ಅಜ್ಜಿ ನಾಲ್ಕು ಅಡಿ ಹತ್ತು ಅಂಗುಲದವಳು. ಕೂತರೆ ಕಾಲು ನೆಲ ಮುಟ್ಟಲಿಲ್ಲ, ಹಿಂದೆ ಸರಿದರೆ ಕಾಲು ಇನ್ನಷ್ಟು ಮೇಲೆ, ಮುಂದೆ ಬಂದರೆ ಬೆನ್ನಿಗೆ ಏನೂ ಇಲ್ಲ. "ಕಾಲಿಗೆ ಒಂದು ಮಣಿ ಕೊಡವ್ವಾ" ಅಂದಳಂತೆ. ಕೊಟ್ಟರು. ಹತ್ತು ನಿಮಿಷಕ್ಕೆ ಇಳಿದುಬಿಟ್ಟಳು. ಆಮೇಲೆ ಅವಳಿಗಾಗಿ ಒಂದು ಗಿಡ್ಡ ಮಂಚ ತಂದರು. ಮೂವತ್ತು ವರ್ಷ ಅವಳು ಹೊದಿಕೆ ಹೆಣೆದು ಕಾಪಾಡಿದ ಸೋಫಾ ಅವಳ ಅಳತೆಯದೇ ಆಗಿರಲಿಲ್ಲ.

ಮರುದಿನದಿಂದ ನಾನು ಟೇಪು ಹಿಡಿದೇ ಅಂಗಡಿಗೆ ಹೋದೆ. ಮಂಡಿಯ ಹಿಂಭಾಗದಿಂದ ನೆಲದವರೆಗೆ ಎಷ್ಟು ಎತ್ತರವೋ ಕೂತಾಗ ಆಸನ ಸುಮಾರು ಅಷ್ಟಿರಬೇಕು. ಅಮ್ಮನದು ಹದಿನೈದೂವರೆ ಅಂಗುಲ, ನನ್ನದು ಹದಿನಾರೂವರೆ. ಅಂಗಡಿಯ ಸೋಫಾಗಳು ಬಹುಪಾಲು ಹದಿನೆಂಟು. ಆಳ ಇನ್ನೂ ಮುಖ್ಯ. ಇಪ್ಪತ್ತಮೂರು, ಇಪ್ಪತ್ತನಾಲ್ಕು ಅಂಗುಲ ಆಳದ್ದು ಫೋಟೋದಲ್ಲಿ ಚೆಂದ, ಐದಡಿಯ ಹೆಂಗಸಿಗೆ ಮಾತ್ರ ಬೆನ್ನು ಒರಗುವುದಿಲ್ಲ. ಹಾಗೆಂದು ತೀರ ತಗ್ಗಿನದು, ಕೂತರೆ ಹೂತುಹೋಗುವಂಥದು ಮಂಡಿನೋವಿನವರಿಗೆ ಶಿಕ್ಷೆ. ಮಾರುವವರು '32 ಡೆನ್ಸಿಟಿ' ಎಂದು ಹೇಳುವುದು ಒಂದು ಘನ ಮೀಟರ್ ಫೋಮಿನ ತೂಕ, 32 ಕೆ.ಜಿ. ಅದು ಬಾಳಿಕೆಯ ಸೂಚನೆ, ಗಟ್ಟಿತನದ್ದಲ್ಲ. ಗಟ್ಟಿತನ ಕೂತೇ ನೋಡಬೇಕು. ಮುಂದಿನ ಒಂದು ಕಾಲನ್ನು ಅರ್ಧ ಅಡಿ ಎತ್ತಿದರೆ ಪಕ್ಕದ ಕಾಲೂ ಜೊತೆಗೇ ಏಳಬೇಕು. ಏಳದೆ ಚೌಕಟ್ಟು ತಿರುಚಿಕೊಂಡರೆ ಆ ಸೋಫಾ ಬೇಡ. ಕೆಳಗಿನ ಬಟ್ಟೆ ಸರಿಸಿ ಒಳಗೆ ಪಾರ್ಟಿಕಲ್ ಬೋರ್ಡ್ ಇದೆಯೇ ನೋಡಿ, ನಮ್ಮ ಮಳೆಗೆ ಅದು ಉಬ್ಬುತ್ತದೆ. ಲಿಫ್ಟಿನ ಬಾಗಿಲನ್ನೂ ಅಳೆಯಿರಿ. ಏಳನೆಯ ಮಹಡಿಗೆ ಮೆಟ್ಟಿಲಲ್ಲಿ ಹೊತ್ತವರ ಮುಖ ನೋಡುವ ಕಷ್ಟ ನಿಮಗೆ ಬೇಡ.

ಕೊನೆಗೆ ಉಲ್ಲಾಸನಗರದ ಒಬ್ಬ ಬಡಗಿಯಿಂದ ಮಾಡಿಸಿದೆ. ಆಸನ ಹದಿನೇಳು ಅಂಗುಲ, ಕೂತಾಗ ಒಂದು ಅಂಗುಲ ಇಳಿಯುವಂಥ ಬಿಗಿ ಫೋಮ್, ಆಳ ಇಪ್ಪತ್ತು, ಏಳುವಾಗ ಕೈ ಊರಲು ಗಟ್ಟಿ ಮರದ ತೋಳು. ಬಿಚ್ಚಿ ಒಗೆಯಲು ಬರುವ ಹತ್ತಿಯ ಹೊದಿಕೆ, ಎರಡು ಜೊತೆ. ಗೋಡೆಯಿಂದ ನಾಲ್ಕು ಅಂಗುಲ ದೂರ ಇಟ್ಟಿದ್ದೇನೆ, ಮಳೆಗಾಲದಲ್ಲಿ ಹಿಂದೆ ಗಾಳಿಯಾಡಲಿ ಎಂದು. ವಾರಕ್ಕೊಮ್ಮೆ ದಿಂಬುಗಳ ಜಾಗ ಅದಲುಬದಲು ಮಾಡುತ್ತೇವೆ, ಒಂದೇ ಕಡೆ ಕುಸಿಯದಿರಲಿ ಎಂದು. ಹೊದಿಕೆ ಒಗೆಯುವ ಪಾಳಿ ಗಂಡನದು.

ಸಂಕ್ರಾಂತಿಗೆ ಅಮ್ಮ ಬಂದಳು. ಬಂದ ದಿನ ಸಂಜೆ ಸೋಫಾ ಮೇಲೆ ಪೇಪರ್ ಹಾಸಿಕೊಂಡು ಮೆಂತ್ಯ ಸೋಸುತ್ತ ಕೂತಿದ್ದಳು, ಎರಡೂ ಪಾದ ನೆಲದ ಮೇಲೆ. ಮೇಲಿನ ಮನೆಯ ಕಾಕು ಬಂದರು. ಅಮ್ಮ ರೂಢಿಯಂತೆ ಏಳಲು ಹೋದಳು. ಕಾಕು ಅವಳ ಪಕ್ಕದಲ್ಲೇ ಕೂತು ಅರ್ಧ ಸಿವುಡು ಮೆಂತ್ಯವನ್ನು ತಮ್ಮ ಕಡೆ ಎಳೆದುಕೊಂಡರು.