ತಲಾಕಿನ ದಿನ ಮನೆಯಿಂದ ಹೊರಡಬೇಕಾದವರು ಯಾರು?

ತಲಾಕ್ ಆದೊಡನೆ ಹೆಣ್ಣುಮಗಳ ಬಟ್ಟೆಬರೆ ಕಟ್ಟಿ ತವರಿಗೆ ಕಳುಹಿಸುವುದು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ನಮ್ಮ ಕುಟುಂಬಗಳಲ್ಲಿ ಎಷ್ಟು ಸಹಜವಾಗಿ ಕಾಣುತ್ತದೆಯೆಂದರೆ, ಅದನ್ನೇ ಶರೀಅತ್ತಿನ ವಿಧಿಯೆಂದು ಹಲವರು ನಂಬಿದ್ದಾರೆ. ಜಮಾಅತಿನ ಹಿರಿಯರು ಪಂಚಾಯಿತಿಗೆ ಕುಳಿತಾಗ ಮಹ್ರ್, ಒಡವೆ, ಮಂಚ, ಬೀರುಗಳ ಪಟ್ಟಿಯಾಗುತ್ತದೆ. ಮನೆಯ ಮಾತು ಬರುವುದಿಲ್ಲ. ಅಷ್ಟರಲ್ಲಿ ಆಕೆ ಹೊರಗಿರುತ್ತಾಳೆ. ಈ ರೂಢಿ ಎಲ್ಲಿಂದ ಬಂತೋ, ಮದೀನಾದಿಂದಂತೂ ಬಂದುದಲ್ಲ.

ಪವಿತ್ರ ಕುರ್‌ಆನಿನ 65ನೆಯ ಅಧ್ಯಾಯದ ಹೆಸರೇ ಅತ್ತಲಾಕ್. ಬಹಿರಂಗವಾದ ಅನೈತಿಕ ಕೃತ್ಯವೊಂದರ ಹೊರತು ಇದ್ದತ್ತಿನ ಅವಧಿಯಲ್ಲಿ ಸ್ತ್ರೀಯರನ್ನು ಹೊರಹಾಕಕೂಡದು, ಅವರೂ ತಾವಾಗಿ ಹೊರಡಕೂಡದು ಎಂಬುದು ಅದರ ಮೊದಲ ವಚನದ ಆಜ್ಞೆ. ಗೋಡೆ, ಮಾಡು ಗಂಡನ ದುಡ್ಡಿನದೇ ಆಗಿದ್ದರೂ ವಚನವು ಆ ಮನೆಗಳನ್ನು ಗಂಡಂದಿರವು ಎನ್ನದೆ ಸ್ತ್ರೀಯರವು ಎಂದಿದೆ. ನಿಮ್ಮ ಶಕ್ತ್ಯನುಸಾರ ನೀವಿರುವಲ್ಲಿಯೇ ಅವರನ್ನು ಇರಿಸಿಕೊಳ್ಳಿ, ಬದುಕು ಇಕ್ಕಟ್ಟಾಗುವಂತೆ ಪೀಡಿಸಬೇಡಿ ಎಂಬ ತಾಕೀತು ಆರನೆಯ ವಚನದಲ್ಲಿದೆ.

ಮದೀನಾದಲ್ಲಿ ಮರ್ವಾನ್ ರಾಜ್ಯಪಾಲನಾಗಿದ್ದಾಗ ನಡೆದ ಪ್ರಸಂಗವೊಂದು ಬುಖಾರಿಯಲ್ಲಿದೆ. ಮರ್ವಾನನ ಸಹೋದರ ಅಬ್ದುರ್‍ರಹ್ಮಾನನ ಮಗಳಿಗೆ ಯಹ್ಯಾ ಬಿನ್ ಸಈದ್ ತಲಾಕ್ ಕೊಟ್ಟನು. ತಂದೆಯು ಮಗಳನ್ನು ತನ್ನಲ್ಲಿಗೆ ಕರೆತಂದನು. ಇಂದು ಯಾವ ತಂದೆಯೂ ಮಾಡುವ ಕೆಲಸವೇ ಇದು. ಆದರೆ ಸುದ್ದಿ ತಿಳಿದ ಹಜ್ರತ್ ಆಯಿಶಾ(ರ)ರವರು, ಅಲ್ಲಾಹನನ್ನು ಭಯಪಟ್ಟು ಆಕೆಯನ್ನು ಅವಳ ಮನೆಗೆ ಮರಳಿಸಬೇಕೆಂದು ಮರ್ವಾನನಿಗೆ ಹೇಳಿ ಕಳುಹಿಸಿದರು. ಅವನು ಫಾತಿಮಾ ಬಿಂತ್ ಕೈಸ್(ರ)ರವರ ಪ್ರಕರಣವನ್ನು ಮುಂದೊಡ್ಡಿದನು. ಕೊನೆಯ ತಲಾಕ್ ಆದ ಮೇಲೆ ಫಾತಿಮಾ ತಮ್ಮ ಇದ್ದತ್ತನ್ನು ಅಂಧರಾದ ಇಬ್ನ್ ಉಮ್ಮಿ ಮಕ್ತೂಮ್(ರ)ರ ಮನೆಯಲ್ಲಿ ಕಳೆದಿದ್ದರು. ಆಯಿಶಾ(ರ) ಇದನ್ನು ಒಪ್ಪಲಿಲ್ಲ: ಫಾತಿಮಾ ಇದ್ದುದು ನಿರ್ಜನ ಸ್ಥಳ, ಅಪಾಯದ ಕಾರಣಕ್ಕೆ ಮಾತ್ರ ಆ ಅನುಮತಿ. ಖಲೀಫಾ ಉಮರ್(ರ)ರವರೂ ಆ ಒಂದು ನಿದರ್ಶನಕ್ಕಾಗಿ ಗ್ರಂಥದ ಆಜ್ಞೆಯನ್ನು ಬಿಡಲು ಸಮ್ಮತಿಸಲಿಲ್ಲ. ಹಂಬಲಿ ವಿದ್ವಾಂಸರು ಫಾತಿಮಾರ ಹದೀಸನ್ನೇ ಆಧಾರವಾಗಿಟ್ಟುಕೊಂಡರು. ಹನಫಿಗಳು ವಾಸ ಮತ್ತು ಜೀವನಾಂಶ ಎರಡನ್ನೂ ಕಡ್ಡಾಯವೆಂದರು. ನಮ್ಮ ಸೀಮೆಯ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿಗಳು.

ನಮ್ಮ ಮದ್ರಸಾಗಳಲ್ಲಿ ಪಾಠವಾಗುವ ಹಿದಾಯಾ ಗ್ರಂಥವನ್ನೇ ತೆಗೆದುಕೊಳ್ಳಿ. ಅದರ ಕರ್ತೃ ಮರ್ಗೀನಾನಿ 1197ರಲ್ಲಿ ತೀರಿಕೊಂಡವರು. ಹೆಂಡತಿ ತವರಿಗೆ ಹೋಗಿದ್ದಾಗ ತಲಾಕ್ ಆದರೂ ಆಕೆ ತನ್ನ ಮನೆಗೆ ಹಿಂದಿರುಗಿ ಇದ್ದತ್ ಕಳೆಯಬೇಕೆಂದು ಅವರು ಬರೆಯುತ್ತಾರೆ. ಮರಳಿ ಕೂಡಲಾಗದ ತಲಾಕಾದರೆ ನಡುವೆ ಪರದೆ ಬೇಕು. ಮನೆ ಇಬ್ಬರಿಗೂ ಇಕ್ಕಟ್ಟಾದರೆ ಆಕೆ ಹೊರಡಬಹುದು, ಆದರೆ ಗಂಡನೇ ಹೊರಡುವುದು ಹೆಚ್ಚು ಉಚಿತ! ಎಂಟು ಶತಮಾನಗಳಿಂದ ಓದಿಸುತ್ತ ಬಂದ ಈ ಸಾಲು ಪಂಚಾಯಿತಿಯ ಚಾಪೆಯವರೆಗೆ ಬಂದೇ ಇಲ್ಲ.

ರೂಢಿಯನ್ನು ಬದಿಗಿಟ್ಟು ಶರೀಅತ್ತನ್ನೇ ಅನ್ವಯಿಸಬೇಕೆಂಬುದು 1937ರ ಶರೀಅತ್ ಕಾಯ್ದೆಯ ಉದ್ದೇಶವಾಗಿತ್ತು. ಅದು ಬ್ರಿಟಿಷ್ ಇಂಡಿಯಾದ ಕಾಯ್ದೆ. ಚಿತ್ರದುರ್ಗವು ಆಗ ಮೈಸೂರು ಸಂಸ್ಥಾನದ ಜಿಲ್ಲೆ. 1959ರ ವಿಸ್ತರಣಾ ಕಾಯ್ದೆಯ ಮೂಲಕ 1960ರ ಫೆಬ್ರವರಿಯಿಂದ ಅದು ಇಲ್ಲಿಗೂ ಬಂತು. ಭವಿಷ್ಯದ ವಾಸಕ್ಕೂ ಸೇರಿದಂತೆ ನ್ಯಾಯಯುತ ಏರ್ಪಾಟನ್ನು ಗಂಡನು ಇದ್ದತ್ತಿನೊಳಗೇ ಮಾಡಬೇಕೆಂದು 2001ರಲ್ಲಿ ಡ್ಯಾನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಇದ್ದತ್ ಮುಗಿದ ಮೇಲೆ ಮನೆ ಯಾರದೆಂಬುದು ಬೇರೆ ಪ್ರಶ್ನೆ. ಶರೀಅತ್ತಿನಲ್ಲಿ ಗಂಡ ಹೆಂಡಿರ ಆಸ್ತಿ ಬೇರೆಬೇರೆ. ಮದುವೆಯಿಂದ ಅದು ಜಂಟಿಯಾಗುವುದಿಲ್ಲ. ಗಂಡನು ಕೊಂಡ ಮನೆಯಲ್ಲಿ ಹೆಂಡತಿಗೆ ತಾನಾಗಿ ಪಾಲಿಲ್ಲ, ಆಕೆಯ ಒಡವೆ ಮಾರಿ ಹಾಕಿದ ಹಣ ಅವನದಾಗುವುದೂ ಇಲ್ಲ. ಆ ಹಣ ಸಾಲವೋ ದಾನವೋ ಎಂಬುದನ್ನು ಕಟ್ಟುವಾಗಲೇ ಬರೆದಿಡುವವರು ವಿರಳ. ಇನ್ನು ಆಶ್ರಯದಂತಹ ಸರಕಾರಿ ಯೋಜನೆಯ ಮನೆಗಳಲ್ಲಿ ಹಕ್ಕುಪತ್ರ ಸಾಮಾನ್ಯವಾಗಿ ಹೆಂಡತಿಯ ಹೆಸರಿನಲ್ಲಿಯೇ ಇರುತ್ತದೆ. ಅಂತಹ ಮನೆಯಿಂದಲೂ ಆಕೆಯನ್ನೇ ಗಂಟುಮೂಟೆ ಕಟ್ಟಿಸಿ ಕಳುಹಿಸಿದರೆ ಅದಕ್ಕೆ ಕಾಗದದ ಆಧಾರವೂ ಇಲ್ಲ, ಕಿತಾಬಿನ ಆಧಾರವೂ ಇಲ್ಲ. ಹಿರಿಯರು ಮಂಚ, ಬೀರುಗಳ ಪಟ್ಟಿಗೆ ಮೊದಲು ಆ ಹಕ್ಕುಪತ್ರವನ್ನು ತರಿಸಿ ಓದಲಿ. ಇದ್ದತ್ ಮುಗಿಯುವವರೆಗೆ ಬೀಗದ ಕೈ ಆಕೆಯ ಬಳಿಯೇ ಇರಲಿ.