ಕಾಲು ಜೋಮು, ಪಾದ ಜೋತು ಬಿತ್ತಾ? ನರ ವಹನ ಪರೀಕ್ಷೆ ಬಗ್ಗೆ ತಿಳಿದುಕೊಳ್ಳಿ

ಬೆಂಗಳೂರು: ಚಪ್ಪಲಿ ಕಾಲಿಂದ ಜಾರಿದ್ದೂ ಗೊತ್ತಾಗಲ್ಲ, ರಾತ್ರಿ ಪಾದ ಉರಿಯುತ್ತೆ, ನಡೆಯುವಾಗ ಬೆರಳು ನೆಲಕ್ಕೆ ತಾಗಿ ಎಡವುತ್ತೆ. ಇಂಥದ್ದನ್ನು ‘ಶುಗರ್ ಇದೆಯಲ್ಲ, ಇದ್ದದ್ದೇ’ ಅಂತ ಬಿಟ್ಟುಬಿಡುವವರು ಹೆಚ್ಚು. ಆದರೆ ಕಾರಣ ಸಕ್ಕರೆ ಕಾಯಿಲೆ ಒಂದೇ ಅಲ್ಲ. ಬಿ12 ಕೊರತೆ, ಮದ್ಯಪಾನ, ಕುಷ್ಠರೋಗ, ಬಿಗಿಯಾದ ಪ್ಲಾಸ್ಟರ್, ಸೊಂಟದ ಡಿಸ್ಕ್ ತೊಂದರೆಯಿಂದಲೂ ಹೀಗಾಗಬಹುದು. ಯಾವ ನರ, ಎಲ್ಲಿ, ಎಷ್ಟು ಹಾಳಾಗಿದೆ ಎಂದು ತಿಳಿಯಲು ಇರುವುದೇ ನರ ವಹನ ಪರೀಕ್ಷೆ. ಚೀಟಿಯಲ್ಲಿ ‘ಎನ್‌ಸಿಎಸ್’ ಅಥವಾ ‘ಎನ್‌ಸಿವಿ’ ಎಂದು ಬರೆದಿರುತ್ತಾರೆ.

ಹೇಗೆ ಮಾಡ್ತಾರೆ?

ಪಾದದ ಮೇಲೆ ಸಣ್ಣ ಎಲೆಕ್ಟ್ರೋಡ್ ಅಂಟಿಸಿ, ಕಣಕಾಲು ಮತ್ತು ಮಂಡಿಯ ಬಳಿ ಚರ್ಮದ ಮೇಲಿಂದಲೇ ಲಘು ವಿದ್ಯುತ್ ಕೊಡುತ್ತಾರೆ. ಚುರುಕ್ ಅನ್ನುತ್ತೆ, ಕಾಲು ಅದುರುತ್ತೆ, ಅಷ್ಟೇ. ಸಂಕೇತ ಎಷ್ಟು ಬೇಗ, ಎಷ್ಟು ಬಲವಾಗಿ ತಲುಪಿತು ಎಂದು ಯಂತ್ರ ಅಳೆಯುತ್ತದೆ. ಕಾಲಿನ ನರದಲ್ಲಿ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 40 ಮೀಟರ್‌ಗಿಂತ ಹೆಚ್ಚಿರಬೇಕು. ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಜೊತೆಗೆ ‘ಇಎಂಜಿ’ ಹೇಳಿದ್ದರೆ ಮಾತ್ರ ಸ್ನಾಯುವಿಗೆ ತೆಳು ಸೂಜಿ ಚುಚ್ಚುತ್ತಾರೆ.

ವರದಿ ಏನು ಹೇಳುತ್ತೆ?

ವೇಗ ತುಂಬಾ ಕಡಿಮೆಯಾಗಿದ್ದರೆ ನರದ ಹೊದಿಕೆಗೆ ಹಾನಿ; ಸಂಕೇತದ ಬಲ ಕುಗ್ಗಿದ್ದರೆ ಒಳಗಿನ ಎಳೆಗೇ ಹಾನಿ. ಮಂಡಿಯ ಹೊರಬದಿಯಲ್ಲಿ ಮಾತ್ರ ಸಂಕೇತ ತಡೆದರೆ, ಅಲ್ಲಿ ನರ ಒತ್ತಿಹೋಗಿದೆ ಎಂದರ್ಥ. ರಸೆಲ್ ಮಾರ್ಕೆಟ್ ಸುತ್ತಮುತ್ತ ಕುಕ್ಕರಗಾಲಲ್ಲಿ ಗಂಟೆಗಟ್ಟಲೆ ಕೂರುವ ವ್ಯಾಪಾರಿಗಳಿಗೂ, ಸದಾ ಕಾಲ ಮೇಲೆ ಕಾಲು ಹಾಕಿ ಕೂರುವ ಆಫೀಸಿನವರಿಗೂ ಇದು ಬರಬಹುದು. ಪಾದ ಜೋಮಿದ್ದರೂ ಸ್ಪರ್ಶ ನರದ ಅಳತೆ ಸರಿಯಾಗಿದ್ದರೆ ತೊಂದರೆ ಸೊಂಟದಲ್ಲಿರಬಹುದು.

ಒಂದು ಎಚ್ಚರಿಕೆ: ವರದಿ ‘ನಾರ್ಮಲ್’ ಬಂದರೂ ಉರಿ ಸುಳ್ಳಲ್ಲ. ಉರಿ, ನೋವು ತಿಳಿಸುವ ಅತಿ ಸಣ್ಣ ನರಗಳು ಈ ಪರೀಕ್ಷೆಗೆ ಸಿಗುವುದಿಲ್ಲ. ಪೆಟ್ಟು ಬಿದ್ದ ಒಂದೆರಡು ದಿನದಲ್ಲೇ ಮಾಡಿಸಿದರೂ ಹಾನಿ ಪೂರ್ತಿ ಕಾಣದೇ ಇರಬಹುದು.

ಹೋಗುವ ಮುಂಚೆ

* ಉಪವಾಸ ಬೇಡ. ಸ್ನಾನ ಮಾಡಿ, ಕಾಲಿಗೆ ಎಣ್ಣೆ, ಕ್ರೀಮ್ ಹಚ್ಚಬೇಡಿ.
* ಪಾದ ತಣ್ಣಗಿದ್ದರೆ ವೇಗ ಕಡಿಮೆ ತೋರಿಸುತ್ತೆ, ಬೆಚ್ಚಗಿಟ್ಟುಕೊಳ್ಳಿ.
* ಪೇಸ್‌ಮೇಕರ್ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತಗೋತಿದ್ದರೆ ಮೊದಲೇ ಹೇಳಿ.

ಎಲ್ಲಿಗೆ ಹೋಗಬೇಕು?

ಪೂರ್ವ ಭಾಗದವರು ಮೊದಲು ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ತೋರಿಸಬಹುದು. ನರರೋಗಕ್ಕೆಂದೇ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಶುಗರ್ ಇರುವ ಎಲ್ಲರಿಗೂ ಈ ಪರೀಕ್ಷೆ ಬೇಕಿಲ್ಲ. ನೈಲಾನ್ ಎಳೆ ತಾಗಿಸಿ, ಟ್ಯೂನಿಂಗ್ ಫೋರ್ಕ್ ಇಟ್ಟು ನೋಡಿದರೆ ಹಲವರಿಗೆ ಸಾಕು. ಒಂದೇ ಕಾಲಿಗೆ ಬಂದಿದ್ದರೆ, ಬಲ ಕುಂದಿದ್ದರೆ ಕೇಳಿ ಮಾಡಿಸಿ. ಚರ್ಮದ ಮೇಲೆ ಸ್ಪರ್ಶವಿಲ್ಲದ ತಿಳಿ ಮಚ್ಚೆ ಇದ್ದರೆ ಮುಚ್ಚಿಡಬೇಡಿ; ಕುಷ್ಠರೋಗಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಔಷಧವಿದೆ.

ಎರಡೂ ಕಾಲಿನ ಬಲ ಕೆಲವೇ ದಿನಗಳಲ್ಲಿ ಕುಗ್ಗುತ್ತಾ ಮೇಲೇರಿದರೆ, ಮೂತ್ರ ಕಟ್ಟಿದರೆ ಪರೀಕ್ಷೆಯ ದಿನಾಂಕಕ್ಕೆ ಕಾಯದೆ ತಕ್ಷಣ ತುರ್ತು ವಿಭಾಗಕ್ಕೆ ಹೋಗಿ.