ಓಟದ ಅಳತೆ ಯಾರ ಕೈಯಲ್ಲಿ?

ನಮ್ಮ ವಿಜಯಪುರದ ಕಡೆ ಹಿರಿಯರು ದೂರವನ್ನು ಕಿಲೋಮೀಟರಿನಲ್ಲಿ ಹೇಳುತ್ತಿರಲಿಲ್ಲ. ‘ಎರಡು ಹರದಾರಿ ಆಗತೈತಿ’ ಅನ್ನುತ್ತಿದ್ದರು. ಹರದಾರಿ ಎಂದರೆ ಸುಮಾರು ಮೂರು ಮೈಲಿ, ಬಿರುಸಾಗಿ ನಡೆದರೆ ಒಂದು ತಾಸಿನ ದಾರಿ. ತೀರ ಹತ್ತಿರವಿದ್ದರೆ ಕೂಗಳತೆ, ಬಹಳ ದೂರವಿದ್ದರೆ ಗಾವುದ. ಕಾಲಿನ ಕಸುವು, ಗಂಟಲಿನ ಕಸುವು ಇವೇ ಅಳತೆಗೋಲು. ಅಳೆಯುವವನೂ ನಡೆಯುವವನೂ ಒಬ್ಬನೇ ಆಗಿದ್ದ ಕಾಲದ ಮಾತುಗಳಿವು.

ಈಗ ನಸುಕಿನಲ್ಲಿ ಗಾಂಧಿ ಚೌಕದಿಂದ ಓಡಲು ಹೊರಡುವ ನನ್ನಂಥವರು ಮೊದಲು ಕೈಗಡಿಯಾರಕ್ಕೆ ಉಪಗ್ರಹ ಸಿಗಲೆಂದು ನಿಂತು ಕಾಯುತ್ತೇವೆ. ಅದು ಹೂಂ ಅಂದ ಮೇಲೆಯೇ ಕಾಲು ಎತ್ತುವುದು. ಎಷ್ಟು ದೂರ ಓಡಿದೆ, ಒಂದು ಕಿಲೋಮೀಟರಿಗೆ ಎಷ್ಟು ನಿಮಿಷ ಹಿಡಿಯಿತು ಎಂಬುದನ್ನು ಮಣಿಕಟ್ಟು ಹೇಳುತ್ತದೆ. ಓಡುವವನ ಕೈಗೆ ಈ ಅಳತೆ ಬಂದಿದ್ದು ಹೇಗೆ, ಅದಕ್ಕೂ ಮೊದಲು ಅದು ಯಾರ ಬಳಿ ಇತ್ತು ಎಂದು ಹುಡುಕಹೊರಟರೆ ಸಿಗುವುದು ಅಧಿಕಾರದ ಚರಿತ್ರೆ.

ಹದಿನಾಲ್ಕನೆಯ ಶತಮಾನದಲ್ಲಿ ಭಾರತಕ್ಕೆ ಬಂದಿದ್ದ ಇಬ್ನ್ ಬತೂತ, ಸುಲ್ತಾನನ ಕಾಲಾಳು ಟಪಾಲಿನ ವರ್ಣನೆ ಬರೆದಿದ್ದಾನೆ. ಪ್ರತಿ ಹರದಾರಿಯನ್ನಲ್ಲ, ಒಂದು ಕ್ರೋಶವನ್ನೇ ಮೂರು ಪಾಲು ಮಾಡಿ ಒಂದೊಂದು ಠಾಣೆ. ಗೆಜ್ಜೆ ಕಟ್ಟಿದ ಕೋಲು ಹಿಡಿದವ ಓಡಿ ಬಂದರೆ, ಸದ್ದು ಕೇಳಿ ಮುಂದಿನವ ಸಜ್ಜಾಗಿ ನಿಲ್ಲುತ್ತಿದ್ದ. ದೂರವನ್ನು ಗೊತ್ತುಮಾಡಿದ್ದು ದರಬಾರು, ಓಡಿದ್ದು ಆಳು. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ಕಟ್ಟಿದ ಅಂಚೆ ಕೂಡ ಪತ್ರದ ಜತೆಗೆ ಸುದ್ದಿಯನ್ನೂ ಅರಮನೆಗೆ ಮುಟ್ಟಿಸುತ್ತಿತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಮರುವರ್ಷವೇ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ನೆಲದ ಮೇಲೆ ಉಕ್ಕಿನ ಸರಪಳಿ ಹಾಸಿ ಏಳು ಮೈಲಿಗೂ ಹೆಚ್ಚು ಉದ್ದದ ಆಧಾರರೇಖೆಯನ್ನು ಅಳೆದ. 1802ರಲ್ಲಿ ಮದ್ರಾಸಿನಲ್ಲಿ ಶುರುವಾದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಗೆ ಇದು ಪೀಠಿಕೆ. ಗೆದ್ದ ನೆಲವನ್ನು ಅಳೆದ ಮೇಲೆಯೇ ಅದು ಪೂರಾ ಕೈವಶವಾಗುವುದು ಎಂದು ಕಂಪನಿಗೆ ಗೊತ್ತಿತ್ತು. ಮುಂದೆ ರಸ್ತೆಬದಿಗೆ ಮೈಲುಗಲ್ಲುಗಳು ಬಂದವು. ಆಮೇಲೆ ಜೇಬುಗಡಿಯಾರವಿದ್ದ ಯಾರು ಬೇಕಾದರೂ ಎರಡು ಕಲ್ಲುಗಳ ನಡುವಿನ ಹೊತ್ತು ನೋಡಿ ತನ್ನ ವೇಗ ಲೆಕ್ಕ ಹಾಕಬಹುದಾಯಿತು. ನಮ್ಮ ಚೌಕಕ್ಕೆ ಹೆಸರು ಕೊಟ್ಟ ಮಹಾತ್ಮ ಸೊಂಟಕ್ಕೆ ಗಡಿಯಾರ ಸಿಕ್ಕಿಸಿಕೊಂಡೇ ನಡೆಯುತ್ತಿದ್ದವರು. 1930ರಲ್ಲಿ ಸಾಬರಮತಿಯಿಂದ ದಂಡಿಗೆ 241 ಮೈಲಿಯನ್ನು 24 ದಿನಗಳಲ್ಲಿ ನಡೆದರು. ದಿನಕ್ಕೆ ಸರಾಸರಿ ಹತ್ತು ಮೈಲಿ. ಆ ತಂಡದಲ್ಲಿ ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರೂ ಇದ್ದರು.

ಕಲ್ಲು ಆಕಾಶಕ್ಕೇರಿದ್ದು 1978ರಲ್ಲಿ. ಆ ವರ್ಷದ ಫೆಬ್ರುವರಿಯಲ್ಲಿ ಅಮೆರಿಕದ ಸೇನೆ ತನ್ನ ಮೊದಲ ಜಿಪಿಎಸ್ ಉಪಗ್ರಹ ಹಾರಿಸಿತು. 1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಸೋವಿಯತ್ ಗಡಿಯೊಳಗೆ ಹೋದ ಕೊರಿಯಾದ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಲಾಯಿತು. 269 ಜನ ಸತ್ತರು. ಆಗ ಅಧ್ಯಕ್ಷ ರೇಗನ್ ಈ ವ್ಯವಸ್ಥೆಯನ್ನು ನಾಗರಿಕರಿಗೂ ಕೊಡುವುದಾಗಿ ಘೋಷಿಸಿದರು. ಕೊಟ್ಟರು, ಆದರೆ ಕಲಬೆರಕೆ ಮಾಡಿ ಕೊಟ್ಟರು. ನಾಗರಿಕರ ಸಂಕೇತದಲ್ಲಿ ಬೇಕೆಂದೇ ದೋಷ ಸೇರಿಸಿದ್ದರಿಂದ ನೂರು ಮೀಟರ್‌ವರೆಗೆ ವ್ಯತ್ಯಾಸ ಬರುತ್ತಿತ್ತು. ಅಷ್ಟು ತಪ್ಪಿದರೆ ಓಟಗಾರನಿಗೆ ಅದರಿಂದ ಉಪಯೋಗವಿಲ್ಲ. 2000ದ ಮೇ ತಿಂಗಳ ಆರಂಭದಲ್ಲಿ ಕ್ಲಿಂಟನ್ ಸರಕಾರ ಆ ಕಲಬೆರಕೆ ನಿಲ್ಲಿಸಿತು. ಮೂರೇ ವರ್ಷಕ್ಕೆ, 2003ರಲ್ಲಿ, ಗಾರ್ಮಿನ್ ಕಂಪನಿಯ ಫೋರ್‌ರನ್ನರ್ ಗಡಿಯಾರಗಳು ಮಾರುಕಟ್ಟೆಗೆ ಬಂದವು. ನಮ್ಮ ಮಣಿಕಟ್ಟಿನ ಅಳತೆ ಹೀಗೆ ಒಂದು ದೇಶ ಮನಸ್ಸು ಮಾಡಿ ಬಿಟ್ಟುಕೊಟ್ಟದ್ದು.

ಬಿಟ್ಟುಕೊಟ್ಟ ಮೇಲೂ ಅದು ನೆಲವನ್ನು ಅಳೆಯುವುದಿಲ್ಲ, ಹೊತ್ತನ್ನು ಅಳೆಯುತ್ತದೆ. ಸುಮಾರು 20,200 ಕಿ.ಮೀ. ಎತ್ತರದ ಉಪಗ್ರಹದಿಂದ ಸಂಕೇತ ಬರಲು ಹಿಡಿದ ಸಮಯದ ಮೇಲೆ ದೂರದ ಲೆಕ್ಕ. ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೆ 300 ಮೀಟರ್ ತಪ್ಪಿದಂತೆ. ವಿಜಯಪುರದವರಿಗೆ ಇದನ್ನು ತಿಳಿಸುವುದು ಸುಲಭ. ಗೋಳಗುಮ್ಮಟದ ಒಳಗೆ ಒಮ್ಮೆ ಚಪ್ಪಾಳೆ ತಟ್ಟಿದರೆ ಹಲವು ಸಲ ಕೇಳುತ್ತದೆ. ಕಣ್ಣು ಮುಚ್ಚಿ ನಿಂತವನಿಗೆ ತಟ್ಟಿದವರು ಎಲ್ಲಿದ್ದಾರೆಂದು ಹೇಳುವುದು ಕಷ್ಟ. ಎತ್ತರದ ಗೋಡೆಗಳ ನಡುವೆ ಓಡುವಾಗ ಗಡಿಯಾರದ ಪಾಡೂ ಇದೇ. ಗೋಡೆಗೆ ಬಡಿದು ತಡವಾಗಿ ಬಂದ ಸಂಕೇತವನ್ನು ನಂಬಿ, ಓಡದ ಓಣಿಯಲ್ಲೂ ನಮ್ಮನ್ನು ಓಡಿಸುತ್ತದೆ. ಹೀಗೆ ಅಂಕುಡೊಂಕಾದ ಗೆರೆಯ ಉದ್ದ ನಿಜವಾದ ದಾರಿಗಿಂತ ಹೆಚ್ಚಾಗುವುದೇ ಸಾಮಾನ್ಯ.

ಅದು ಸಣ್ಣ ವ್ಯತ್ಯಾಸವಲ್ಲ. 21.0975 ಕಿ.ಮೀ.ನ ಅರ್ಧ ಮ್ಯಾರಥಾನನ್ನು ಎರಡು ತಾಸಿನಲ್ಲಿ ಮುಗಿಸಲು ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡಿನ ವೇಗ ಬೇಕು. ಗಡಿಯಾರ ಶೇಕಡಾ ಒಂದರಷ್ಟು ಹೆಚ್ಚು ದೂರ ತೋರಿಸಿದರೂ, ಅದನ್ನೇ ನಂಬಿ ಓಡಿದವ ಗುರಿ ಮುಟ್ಟುವಾಗ ಒಂದು ನಿಮಿಷಕ್ಕೂ ಹೆಚ್ಚು ತಡ. ವಾರಗಟ್ಟಲೆ ನಸುಕಿನಲ್ಲಿ ಎದ್ದದ್ದು ಆ ಒಂದು ನಿಮಿಷಕ್ಕಾಗಿಯೇ. ಊರಿನ ವೃಕ್ಷೋಥಾನ್ ಓಟ ಮುಗಿದ ಮೇಲೆ ‘ನನ್ನ ವಾಚಿನ್ಯಾಗ ಜಾಸ್ತಿ ಬಂತು, ದಾರಿನೇ ತಪ್ಪು ಅಳದಾರ’ ಎಂಬ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ.

ಆದರೆ ಅಧಿಕೃತ ರಸ್ತೆ ಓಟಗಳ ದಾರಿಯನ್ನು ಜಗತ್ತಿನಲ್ಲಿ ಇಂದಿಗೂ ಜಿಪಿಎಸ್‌ನಿಂದ ಅಳೆಯುವುದಿಲ್ಲ, ಸೈಕಲ್ಲಿನಿಂದ ಅಳೆಯುತ್ತಾರೆ. ಮುಂದಿನ ಗಾಲಿಗೆ ಜೋನ್ಸ್ ಕೌಂಟರ್ ಎಂಬ ಸಣ್ಣ ಎಣಿಕೆ ಯಂತ್ರ ಕೂಡಿಸಿ, ಉಕ್ಕಿನ ಟೇಪಿನಲ್ಲಿ ಅಳೆದ ನೇರ ದಾರಿಯ ಮೇಲೆ ಅದನ್ನು ಪರೀಕ್ಷಿಸಿ, ತಿರುವುಗಳಲ್ಲಿ ಒಳಮಗ್ಗುಲನ್ನೇ ಹಿಡಿದು ತುಳಿಯುತ್ತಾರೆ. ದಾರಿ ಕಡಿಮೆ ಬೀಳದಿರಲೆಂದು ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚು ಸೇರಿಸುತ್ತಾರೆ. ಲ್ಯಾಂಬ್ಟನ್‌ನ ಸರಪಳಿಗೆ ಇದು ಹತ್ತಿರದ ನಂಟು.

ಇನ್ನು ನಮ್ಮದೇ ಉಪಗ್ರಹಗಳ ಮಾತು. ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿ ಇಸ್ರೋದ ನ್ಯಾವಿಗೇಶನ್ ಕೇಂದ್ರ 2013ರ ಮೇ ತಿಂಗಳಲ್ಲಿ ಆರಂಭವಾಯಿತು, ಜುಲೈ 1ರಂದು ಮೊದಲ ಉಪಗ್ರಹ ಹಾರಿತು. 2016ರಲ್ಲಿ ಈ ವ್ಯವಸ್ಥೆಗೆ ನಾವಿಕ್ ಎಂದು ಹೆಸರಾಯಿತು. ಆ ಮೊದಲ ಉಪಗ್ರಹಕ್ಕಾಗಿ ಹೊರದೇಶದಿಂದ ತರಿಸಿದ್ದ ಮೂರೂ ಪರಮಾಣು ಗಡಿಯಾರಗಳು ಕೆಟ್ಟವು. ಗಡಿಯಾರ ಕೆಟ್ಟರೆ ಅಳತೆ ಹೋಯಿತು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ದೇಶದೊಳಗೇ ಮಾಡಿದ ಪರಮಾಣು ಗಡಿಯಾರವಿದೆ. ಕೈಗಡಿಯಾರದಂಥ ಸಣ್ಣ ಸಾಧನಗಳಿಗೆ ಒಗ್ಗುವ ಎಲ್1 ತರಂಗವೂ ಇದೆ. 2025ರ ಜನವರಿಯಲ್ಲಿ ಹಾರಿದ ಅದರ ತಮ್ಮ ಎನ್‌ವಿಎಸ್-02 ಮಾತ್ರ ಸೇರಬೇಕಾದ ಕಕ್ಷೆಗೆ ಸೇರಲಿಲ್ಲ. ಅಳತೆಯನ್ನು ಸ್ವಂತದ್ದು ಮಾಡಿಕೊಳ್ಳುವುದು ಒಂದೇ ಓಟದಲ್ಲಿ ಮುಗಿಯುವ ಕೆಲಸವಲ್ಲ.

ನಾನು ಗಡಿಯಾರವನ್ನು ಬಿಚ್ಚಿಡುವುದಿಲ್ಲ. ಅದು ಹೇಳುವುದನ್ನು ಒಬ್ಬ ತಿಳಿದವನ ಅಂದಾಜು ಎಂದಷ್ಟೇ ಕೇಳುತ್ತೇನೆ, ಗುರಿಯ ಲೆಕ್ಕಕ್ಕೆ ರಸ್ತೆಬದಿಯ ಕಿಲೋಮೀಟರ್ ಫಲಕವನ್ನು ನೋಡುತ್ತೇನೆ. 1565ರಲ್ಲಿ ಮುಗಿದ ನಮ್ಮೂರ ಕೋಟೆಗೋಡೆಯ ಸುತ್ತಳತೆ ಸುಮಾರು 10 ಕಿ.ಮೀ. ಎನ್ನುತ್ತಾರೆ. ಅದರ ಪಕ್ಕದಲ್ಲಿ ಒಂದು ಸುತ್ತು ಹಾಕಿದರೆ ಎರಡು ಹರದಾರಿ. ಆ ಲೆಕ್ಕ ತಪ್ಪೋ ಸರಿಯೋ, ಕಾಲಿಗೆ ಮೊದಲು ಗೊತ್ತಾಗುತ್ತದೆ.